ಅತ್ತಾಳ, ಸಹರಿ, ಸುಹೂರ್: ಊಟದ ಹೊತ್ತುಗಳಿಗೆ ನಾವಿಟ್ಟ ಹೆಸರುಗಳ ಚರಿತ್ರೆ

ರಮಝಾನ್ ತಿಂಗಳಲ್ಲಿ ಫಜ್ರ್‌ಗೆ ಮುನ್ನ ನಾವು ಸೇವಿಸುವ ಆಹಾರಕ್ಕೆ ಕರ್ನಾಟಕದ ಮುಸ್ಲಿಮ್ ಮನೆಗಳಲ್ಲಿ ಒಂದೇ ಹೆಸರಿಲ್ಲ. ಬೆಂಗಳೂರು, ಮೈಸೂರು, ಕಲಬುರಗಿ, ವಿಜಯಪುರಗಳ ದಖನಿ ಮಾತಿನ ಮನೆಗಳಲ್ಲಿ ಅದು ಸಹರಿ. ಕರಾವಳಿಯ ಬ್ಯಾರಿ ಮನೆಗಳಲ್ಲಿ ಅದು ಅತ್ತಾಳ. ಊರಿನಿಂದ ಊರಿಗೆ ಅದರ ಉಚ್ಚಾರ ಅಷ್ಟಿಷ್ಟು ಬದಲಾಗುತ್ತದೆ. ಇತ್ತೀಚಿನ ವರ್ಷಗಳಲ್ಲಿ ಗಲ್ಫ್‌ನಿಂದ ಮರಳಿದವರ ಮೂಲಕ, ಪ್ರವಚನಗಳ ಮೂಲಕ, ಕೈಯಲ್ಲಿರುವ ಮೊಬೈಲಿನ ಮೂಲಕ ಮತ್ತೊಂದು ಹೆಸರು ಮನೆಮನೆಗೆ ಬಂದಿದೆ: ಸುಹೂರ್. ಹೊಸ ಹೆಸರು ಬರುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಅದು ಬರುವಾಗ ಹಳೆಯದರ ಬಗ್ಗೆ ಒಂದು ತಾತ್ಸಾರವನ್ನೂ ಹೊತ್ತು ತಂದರೆ ನಾವು ಸ್ವಲ್ಪ ನಿಂತು ಯೋಚಿಸಬೇಕಾಗುತ್ತದೆ.

ನಮ್ಮ ಪರಿಚಯದ ಮನೆಯೊಂದರಲ್ಲಿ ನಡೆದ ಸಣ್ಣ ಸಂಗತಿಯೇ ಈ ಬರಹಕ್ಕೆ ಕಾರಣ. ಆ ಮನೆಯ ಅಜ್ಜಿ ಸುಮಾರು ಅರವತ್ತು ರಮಝಾನ್‌ಗಳಲ್ಲಿ ಎಲ್ಲರಿಗಿಂತ ಮೊದಲು ಎದ್ದು, ಒಲೆ ಹಚ್ಚಿ, ಮಕ್ಕಳನ್ನು ಅತ್ತಾಳಕ್ಕೆ ಎಬ್ಬಿಸಿದವರು. ಕಳೆದ ರಮಝಾನಿನಲ್ಲಿ, ಕಾಲೇಜಿಗೆ ಹೋಗುವ ಮೊಮ್ಮಗ ಆ ಮಾತು ನಮ್ಮದಲ್ಲವೆಂದೂ, ದೇವಸ್ಥಾನಗಳ ರಾತ್ರಿ ಪೂಜೆಗೂ ಅದೇ ಹೆಸರಿದೆಯೆಂದೂ, ಇನ್ನು ಮುಂದೆ ಸುಹೂರ್ ಎನ್ನಬೇಕೆಂದೂ ಅವರಿಗೆ ತಿಳಿಹೇಳಿದ. ಅಜ್ಜಿ ವಾದಿಸಲಿಲ್ಲ. ಮರುದಿನದಿಂದ ಅವರು ಹೊಸ ಮಾತನ್ನೂ ಆಡಲಿಲ್ಲ, ಹಳೆಯ ಮಾತನ್ನೂ ಆಡಲಿಲ್ಲ. ಬಾಗಿಲು ತಟ್ಟಿ "ಏಳಿ" ಎಂದಷ್ಟೇ ಹೇಳತೊಡಗಿದರು. ಅಜ್ಜಿಯ ಮಾತು ನಿಜಕ್ಕೂ ನಮ್ಮದಲ್ಲವೇ? ಹಾಗಾದರೆ ನಮ್ಮದು ಯಾವುದು? ಈ ಪ್ರಶ್ನೆಗೆ ಉತ್ತರವನ್ನು ಭಾವನೆಯಲ್ಲಿ ಹುಡುಕದೆ ಚರಿತ್ರೆಯಲ್ಲಿ ಹುಡುಕೋಣ.

ಮೊದಲಿಗೆ ಅರಬಿಯನ್ನೇ ನೋಡೋಣ. ಪ್ರವಾದಿ ಮುಹಮ್ಮದ್(ಸ)ರ ಕಾಲದ ಅರಬರಲ್ಲಿ ದಿನಕ್ಕೆ ಎರಡು ಊಟಗಳ ಹೆಸರುಗಳು ಪ್ರಧಾನವಾಗಿದ್ದವು. ಮುಂಜಾನೆಯದು 'ಗದಾ', ರಾತ್ರಿಯದು 'ಅಶಾ'. ಗದಾ ಎಂಬುದು ಬೆಳಗಿನ ಹೊತ್ತನ್ನು ಸೂಚಿಸುವ ಧಾತುವಿನಿಂದ ಬಂದುದು. ಅಶಾ ಎಂಬುದು ರಾತ್ರಿಯ ಇಶಾ ನಮಾಝಿನ ಹೆಸರು ಹುಟ್ಟಿದ ಧಾತುವಿನಿಂದಲೇ ಹುಟ್ಟಿದೆ. ಪವಿತ್ರ ಕುರ್‌ಆನಿನ ಅಲ್‌ಕಹ್ಫ್ ಅಧ್ಯಾಯದಲ್ಲಿ ಹಝ್ರತ್ ಮೂಸಾ(ಅ) ಪ್ರಯಾಣದಲ್ಲಿ ಬಳಲಿ, ತಮ್ಮ ಯುವ ಸಂಗಾತಿಯಲ್ಲಿ ಊಟ ತರುವಂತೆ ಕೇಳುವ ಪ್ರಸಂಗವಿದೆ. ಅಲ್ಲಿ ಬಳಕೆಯಾಗಿರುವುದು ಈ ಗದಾ ಎಂಬ ಪದವೇ. ಮರ್ಯಮ್ ಅಧ್ಯಾಯದಲ್ಲಿ ಸ್ವರ್ಗವಾಸಿಗಳಿಗೆ ಬೆಳಗು ಮತ್ತು ಸಂಜೆ ಅನ್ನಾಧಾರ ದೊರೆಯುವುದೆಂಬ ಮಾತು ಬರುತ್ತದೆ. ಅದನ್ನು ವಿವರಿಸುತ್ತ ಹಿಂದಿನ ವ್ಯಾಖ್ಯಾನಕಾರರು, ಎರಡು ಹೊತ್ತಿನ ಊಟ ದೊರೆತವನೇ ಸುಖಿ ಎಂದು ಅಂದಿನ ಅರಬರು ತಿಳಿದಿದ್ದರೆಂದು ಹೇಳಿದ್ದಾರೆ. ಅರಬರಿಗೆ ತಿಳಿದಿದ್ದ ಸುಖದ ಅಳತೆಯಲ್ಲೇ ಅವರಿಗೆ ಸ್ವರ್ಗದ ಸುಖವನ್ನು ವಿವರಿಸಲಾಯಿತು.

ಆದರೆ ಊಟಕ್ಕೆ ಹೆಸರಿದ್ದ ಮಾತ್ರಕ್ಕೆ ಊಟವಿತ್ತೆಂದಲ್ಲ. ಒಂದರ ಹಿಂದೆ ಒಂದರಂತೆ ಚಂದ್ರದರ್ಶನಗಳಾಗಿ ತಿಂಗಳುಗಳೇ ಉರುಳಿದರೂ ಪ್ರವಾದಿವರ್ಯರ(ಸ) ಮನೆಗಳಲ್ಲಿ ಒಲೆ ಉರಿಯದ ದಿನಗಳಿದ್ದವೆಂದೂ, ಆಗ ಖರ್ಜೂರ ಮತ್ತು ನೀರೇ ಆಹಾರವಾಗಿದ್ದವೆಂದೂ, ನೆರೆಯ ಅನ್ಸಾರರು ಕೆಲವೊಮ್ಮೆ ಹಾಲು ಕಳುಹಿಸುತ್ತಿದ್ದರೆಂದೂ ಹಝ್ರತ್ ಆಇಶಾ(ರ) ತಮ್ಮ ಸೋದರಿಯ ಮಗನಿಗೆ ಹೇಳಿದ್ದನ್ನು ಇಮಾಮ್ ಬುಖಾರಿ ವರದಿ ಮಾಡಿದ್ದಾರೆ. ಊಟದ ಹೆಸರುಗಳ ಚರಿತ್ರೆ ಬರೆಯುವವರು ಹಸಿವಿನ ಚರಿತ್ರೆಯನ್ನು ಮರೆಯುವಂತಿಲ್ಲ.

ಇನ್ನು ಸುಹೂರ್. ರಾತ್ರಿಯ ಕೊನೆಯ ಭಾಗಕ್ಕೆ, ಬೆಳಕು ಹರಿಯುವ ಮುನ್ನಿನ ಹೊತ್ತಿಗೆ ಅರಬಿಯಲ್ಲಿ 'ಸಹರ್' ಎಂದು ಹೆಸರು. ಆ ಹೊತ್ತಿನ ಆಹಾರಕ್ಕೆ ಅದರಿಂದಲೇ ಹೆಸರು ಬಂತು. ಇಲ್ಲೊಂದು ಸೂಕ್ಷ್ಮವಿದೆ. ಅರಬಿ ನಿಘಂಟುಕಾರರ ಪ್ರಕಾರ ಆ ಹೊತ್ತಿನಲ್ಲಿ ತಿನ್ನುವ ಆಹಾರ 'ಸಹೂರ್'. ಅದನ್ನು ತಿನ್ನುವ ಕ್ರಿಯೆ 'ಸುಹೂರ್'. ತಟ್ಟೆಯಲ್ಲಿರುವ ಅನ್ನಕ್ಕೆ ಸುಹೂರ್ ಎನ್ನುವ ನಾವು ಕಟ್ಟುನಿಟ್ಟಿನ ಅರಬಿಯನ್ನೇನೂ ಆಡುತ್ತಿಲ್ಲ. ಇದನ್ನು ಯಾರನ್ನೂ ಹಂಗಿಸಲು ಹೇಳುತ್ತಿಲ್ಲ. ಭಾಷೆ ಬಾಯಿಂದ ಬಾಯಿಗೆ ದಾಟುವಾಗ ಹೀಗಾಗುವುದು ಸಹಜವೆಂದು ತೋರಿಸುವುದಷ್ಟೇ ನಮ್ಮ ಉದ್ದೇಶ.

ಇದಕ್ಕಿಂತ ಮುಖ್ಯವಾದ ಸಂಗತಿ ಹದೀಸ್ ಗ್ರಂಥಗಳಲ್ಲಿದೆ. ಸಹರಿಯ ಆಹಾರದಲ್ಲಿ ಬರಕತ್ ಇದೆಯೆಂಬ ಪ್ರವಾದಿ ವಚನ ಸುಪ್ರಸಿದ್ಧ. ಅದೇ ವಿಷಯದಲ್ಲಿ ಇರ್ಬಾಝ್ ಬಿನ್ ಸಾರಿಯಾ(ರ) ಎಂಬ ಸಹಾಬಿಯ ಒಂದು ವರದಿ ಅಬೂದಾವೂದ್ ಮತ್ತು ನಸಾಈ ಸಂಗ್ರಹಗಳಲ್ಲಿದೆ. ರಮಝಾನಿನಲ್ಲಿ ಪ್ರವಾದಿವರ್ಯರು(ಸ) ಅವರನ್ನು ಸಹರಿಯ ಆಹಾರಕ್ಕೆ ಕರೆದಾಗ ಅದನ್ನು ಬರಕತ್ ತುಂಬಿದ ಗದಾ ಎಂದು ಕರೆದರೆಂದು ಅದರಲ್ಲಿದೆ. ಗದಾ ಎಂಬುದು ಅರಬರ ಪ್ರತಿ ಮನೆಯಲ್ಲೂ ಪ್ರತಿದಿನ ಕೇಳಿಬರುತ್ತಿದ್ದ, ಮುಸ್ಲಿಮರೂ ಮುಸ್ಲಿಮೇತರರೂ ಸಮಾನವಾಗಿ ಆಡುತ್ತಿದ್ದ ಸಾಮಾನ್ಯ ಮಾತು. ಉಪವಾಸದ ಊಟವನ್ನು ನಿತ್ಯದ ಊಟದ ಹೆಸರಿನಿಂದಲೇ ಕರೆದು, ಅದಕ್ಕೆ ಬರಕತ್ ಎಂಬ ವಿಶೇಷಣವನ್ನು ಸೇರಿಸಲಾಯಿತು. ಬೆಳಗಿನ ಊಟದ ಹೆಸರನ್ನು ಮುಂಜಾವಿನ ಮೊದಲಿನ ಊಟಕ್ಕೆ ವಿಸ್ತರಿಸಿದ ಈ ಬಗೆಯನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ. ಅಜ್ಜಿಯ ಅತ್ತಾಳಕ್ಕೆ ಬರುವಾಗ ಅದು ನಮಗೆ ಮತ್ತೆ ಬೇಕಾಗುತ್ತದೆ.

ಊಟದ ಹೆಸರುಗಳು ಒಂದೇ ಹೊತ್ತಿಗೆ ಕಟ್ಟುಬಿದ್ದು ನಿಲ್ಲುವುದಿಲ್ಲ ಎಂಬುದಕ್ಕೆ ಅರಬಿಯೇ ಸಾಕ್ಷಿ. ಬೆಳಗಿನ ಊಟವಾಗಿದ್ದ ಗದಾ ಇಂದು ಅರಬ್ ದೇಶಗಳಲ್ಲಿ ಮಧ್ಯಾಹ್ನದ ಊಟ. ದುಬೈಯಲ್ಲೋ ಜಿದ್ದಾದಲ್ಲೋ ದುಡಿದು ಬಂದವರಿಗೆ ಇದು ಗೊತ್ತು. ಬೆಳಗಿನ ಉಪಾಹಾರ ಅಲ್ಲಿ 'ಫುತೂರ್' ಅಥವಾ 'ಇಫ್ತಾರ್'. ಹೌದು, ನಾವು ರಮಝಾನಿನ ಸಂಜೆಗೆ ಮಾತ್ರ ಮೀಸಲಿಟ್ಟಿರುವ ಇಫ್ತಾರ್ ಎಂಬ ಪದಕ್ಕೆ ಉಪವಾಸ ಮುರಿಯುವುದು ಎಂದಷ್ಟೇ ಅರ್ಥ. ರಾತ್ರಿಯಿಡೀ ಬರಿದಾಗಿದ್ದ ಹೊಟ್ಟೆ ಬೆಳಿಗ್ಗೆ ಆಹಾರ ಕಂಡರೆ ಅದೂ ಇಫ್ತಾರೇ. ಟ್ಯುನೀಶಿಯಾದ ಆಡುಮಾತಿನಲ್ಲಿ ಅದೇ ಫುತೂರ್ ಮಧ್ಯಾಹ್ನದ ಊಟವಾಗಿದೆ. ಇಂಗ್ಲಿಷಿನ ಬ್ರೇಕ್‌ಫಾಸ್ಟ್ ಎಂಬ ಪದದಲ್ಲೂ ಇರುವುದು ಉಪವಾಸ ಮುರಿಯುವ ಅರ್ಥವೇ. ಡಿನ್ನರ್ ಎಂಬ ಪದವೂ ಫ್ರೆಂಚಿನ ಮೂಲಕ ಲ್ಯಾಟಿನ್ನಿನ ಅದೇ ಅರ್ಥದ ಪದದಿಂದ ಬಂದುದು. ಬೆಳಗಿನಿಂದ ಹೊರಟು, ಮಧ್ಯಾಹ್ನವನ್ನು ದಾಟಿ, ಈಗ ರಾತ್ರಿಗೆ ಬಂದು ನಿಂತಿದೆ. ಹಸಿದಿರುವುದು ಮತ್ತು ಹಸಿವು ತಣಿಸುವುದು ಎಲ್ಲ ಜನರ ಅನುಭವವಾದುದರಿಂದ ದೂರದೂರದ ಭಾಷೆಗಳು ಒಂದೇ ದಾರಿಯಲ್ಲಿ ಹೆಸರನ್ನು ಕಂಡುಕೊಂಡವು.

ಅರಬಿಯಿಂದ ಪಾರಸಿಗೆ ಬಂದರೆ ನಮ್ಮ ಮನೆಗೆ ಇನ್ನಷ್ಟು ಹತ್ತಿರವಾಗುತ್ತೇವೆ. ಕರ್ನಾಟಕದ ಉದ್ದಗಲಕ್ಕೂ ಕೇಳಿಬರುವ 'ನಾಷ್ಟಾ' ಪಾರಸಿಯದು. ಮೂಲದಲ್ಲಿ ಅದಕ್ಕೆ ಬೆಳಗಿನಿಂದ ಏನೂ ತಿನ್ನದಿರುವ ಸ್ಥಿತಿ, ಬರಿಹೊಟ್ಟೆ ಎಂದು ಅರ್ಥ. ಇಂದಿಗೂ ಇರಾನಿನಲ್ಲಿ ರಕ್ತಪರೀಕ್ಷೆಗೆ ಹೋಗುವವರು ನಾಷ್ಟಾ ಇರಬೇಕೆಂದರೆ ಏನೂ ತಿನ್ನಬಾರದೆಂದರ್ಥ. ನಮ್ಮಲ್ಲಿ ನಾಷ್ಟಾ ಆಯಿತೆಂದರೆ ಹೊಟ್ಟೆ ತುಂಬಿತೆಂದರ್ಥ! ಹಸಿವಿನ ಹೆಸರೇ ಹಸಿವು ನೀಗಿಸುವ ಆಹಾರದ ಹೆಸರಾಯಿತು. ಪಾರಸಿಯ 'ಚಾಶ್ತ್' ಎಂಬ ಇನ್ನೊಂದು ಪದ ಸೂರ್ಯ ಮೇಲೇರಿದ ಹೊತ್ತಿನ ಆಹಾರಕ್ಕೂ ಆ ಹೊತ್ತಿಗೂ ಸಲ್ಲುತ್ತಿತ್ತು. ಆ ಆಹಾರದ ಹೆಸರನ್ನು ನಾವಿಂದು ಮರೆತಿದ್ದೇವೆ. ಆದರೆ ಅರಬಿಯಲ್ಲಿ ಝುಹಾ ಎನಿಸುವ ಐಚ್ಛಿಕ ನಮಾಝನ್ನು ನಮ್ಮ ಹಿರಿಯರು ಚಾಶ್ತ್ ನಮಾಝ್ ಎಂದೇ ಕರೆದರು, ಈಗಲೂ ಕರೆಯುತ್ತಾರೆ. ನಮಾಝಿಗೆ ಪಾರಸಿಯ ಊಟದ ಹೊತ್ತಿನ ಹೆಸರಿಟ್ಟ ಕಾರಣಕ್ಕೆ ಆ ನಮಾಝಿನ ಪುಣ್ಯ ಕಡಿಮೆಯಾಯಿತೆಂದು ಯಾವ ಆಲಿಮರೂ ಹೇಳಲಿಲ್ಲ. ಅಷ್ಟೇಕೆ, ನಮಾಝ್ ಎಂಬ ಪದವೇ ಪಾರಸಿಯದಲ್ಲವೇ?

ಮೂರನೆಯದು 'ನಹಾರಿ'. ದಿಲ್ಲಿ, ಲಖನೌಗಳ ನಿಹಾರಿ ಎಂಬ ಮಾಂಸದ ಅಡುಗೆ ಹೆಸರುವಾಸಿ. ರಾತ್ರಿಯಿಡೀ ಬೆಂದು ಬೆಳಿಗ್ಗೆ ಬಡಿಸಲ್ಪಡುವ ಆಹಾರವದು. ಹಗಲು ಎಂಬರ್ಥದ ಅರಬಿಯ 'ನಹಾರ್' ಪದದಿಂದ ಆ ಹೆಸರು ಬಂತೆಂದು ಕೆಲವರೂ, ಬರಿಹೊಟ್ಟೆ ಎಂಬರ್ಥದ ಪಾರಸಿ ಪದದಿಂದ ಬಂತೆಂದು ಕೆಲವರೂ ಹೇಳುತ್ತಾರೆ. ಇಂದಿನ ಇರಾನಿನಲ್ಲಿ ನಾಹಾರ್ ಎಂದರೆ ಮಧ್ಯಾಹ್ನದ ಊಟ. ಗದಾ ನಡೆದ ದಾರಿಯಲ್ಲೇ ಅದೂ ನಡೆದಿದೆ. ಮರಾಠಿಯಲ್ಲಿ ಬೆಳಗಿನ ಆಹಾರಕ್ಕೆ 'ನ್ಯಾಹಾರಿ' ಎನ್ನುತ್ತಾರೆ. ನಮ್ಮ ಉತ್ತರ ಕರ್ನಾಟಕದ ರೈತ ಮನೆಗಳಲ್ಲಿ ಅದೇ 'ನ್ಯಾರಿ'. ಹೊಲಕ್ಕೆ ಹೋಗುವ ಮುನ್ನವೋ, ಹೊಲದ ಬದುವಿನಲ್ಲಿ ಕುಳಿತೋ ರೊಟ್ಟಿ, ಪಲ್ಯ, ಚಟ್ನಿ ತಿಂದು ನ್ಯಾರಿ ಮುಗಿಸುವ ಲಿಂಗಾಯತ ರೈತನೂ, ಅವನ ಪಕ್ಕದ ಹೊಲದ ಮುಸ್ಲಿಮ್ ರೈತನೂ, ಹಳೆಯ ದಿಲ್ಲಿಯ ಗಲ್ಲಿಯಲ್ಲಿ ನಿಹಾರಿಗಾಗಿ ಕಾಯುವವನೂ ಒಂದೇ ಪದದ ಬಂಧುಗಳು. ನ್ಯಾರಿ ಎಂಬುದು ಪರಕೀಯವೆಂದು ಆ ರೈತ ಅದನ್ನು ಬಿಟ್ಟಿದ್ದರೆ ಕನ್ನಡ ಒಂದು ಒಳ್ಳೆಯ ಮಾತನ್ನು ಕಳೆದುಕೊಳ್ಳುತ್ತಿತ್ತು.

ಸಹರಿಯ ಪದವೂ ಹೀಗೆಯೇ ಮನೆ ದಾಟಿದೆ. ಹಳೆಯ ಉರ್ದುವಿನಲ್ಲಿ ಸಹರಿಗೆ 'ಸಹರ್‌ಗಹಿ' ಎಂಬ ರೂಪವಿತ್ತು. ಅರಬಿಯ ಸಹರ್‌ಗೆ ಹೊತ್ತು ಎಂಬರ್ಥದ ಪಾರಸಿಯ 'ಗಾಹ್' ಸೇರಿ ಆದುದು ಇದು. ಪಂಜಾಬಿನಲ್ಲಿ ಕರ್ವಾ ಚೌತ್ ವ್ರತ ಹಿಡಿಯುವ ಹಿಂದೂ ಸ್ತ್ರೀಯರು ನಸುಕಿಗೆ ಮುನ್ನ ಸೇವಿಸುವ ಆಹಾರಕ್ಕೆ 'ಸರ್ಗಿ' ಎನ್ನುತ್ತಾರೆ. ಸಹರ್‌ಗಹಿಯೇ ಸವೆದು ಸರ್ಗಿಯಾಯಿತೆಂದು ಭಾಷಾಬಲ್ಲವರ ಅಭಿಪ್ರಾಯ. ಅತ್ತೆ ಸೊಸೆಗೆ ಪ್ರೀತಿಯಿಂದ ಕೊಡುವ ಆ ತಟ್ಟೆಯ ಹೆಸರಿನೊಳಗೆ ರಮಝಾನಿನ ಮುಂಜಾವು ಅಡಗಿದೆ. ನೆರೆಹೊರೆಯಾಗಿ ಬಾಳಿದವರ ನಡುವೆ ಮಾತುಗಳು ಹೀಗೆ ಬೇಲಿ ದಾಟುತ್ತವೆ.

ಈಗ ಕರಾವಳಿಗೆ ಬರೋಣ. 'ಅತ್ತಾಳ' ಮಲಯಾಳದ 'ಅತ್ತಾಳಂ' ಎಂಬ ಪದದ ಬಂಧು. ಅಲ್ಲಿ ಅದಕ್ಕೆ ರಾತ್ರಿಯ ಊಟವೆಂದರ್ಥ. ಕೇರಳದ ದೇವಾಲಯಗಳಲ್ಲಿ ರಾತ್ರಿಯ ಪೂಜೆಗೆ ಅತ್ತಾಳ ಪೂಜೆ ಎನ್ನುವುದೂ ನಿಜ; ಮೊಮ್ಮಗ ಹೇಳಿದ್ದರಲ್ಲಿ ಅಷ್ಟು ಸತ್ಯವಿದೆ. ಆದರೆ ಊಟದಿಂದ ಪೂಜೆಗೆ ಹೆಸರು ಬಂತೇ ಹೊರತು ಪೂಜೆಯಿಂದ ಊಟಕ್ಕಲ್ಲ. ರಾತ್ರಿಯೂಟದ ಈ ಹೆಸರನ್ನು ಮಲಬಾರಿನ ಮಾಪಿಳ್ಳೆಗಳೂ ತುಳುನಾಡಿನ ಬ್ಯಾರಿಗಳೂ ರಮಝಾನಿನ ನಸುಕಿನ ಊಟಕ್ಕೆ ಬಳಸಿದರು. ರಾತ್ರಿ ಊಟದ ಮತ್ತು ನಸುಕಿನ ಊಟದ ನಡುವಿನ ವ್ಯತ್ಯಾಸ ತೋರಿಸಲು ಮಲಯಾಳದಲ್ಲಿ 'ಇಡೆಯತ್ತಾಳಂ' ಎಂಬ ಮಾತೂ ಇದೆ. ಬೆಳಗಿನ ಊಟದ ಗದಾ ಸಹರಿಯ ಹೆಸರಾದಂತೆಯೇ ರಾತ್ರಿಯೂಟದ ಅತ್ತಾಳವೂ ಸಹರಿಯ ಹೆಸರಾಯಿತು. ಹೆಸರನ್ನು ಅಲ್ಲಿ ಮುಂಜಾನೆಯಿಂದ ಹಿಂದಕ್ಕೆ ಎಳೆದರು, ಇಲ್ಲಿ ರಾತ್ರಿಯಿಂದ ಮುಂದಕ್ಕೆ ತಂದರು. ಕ್ರಮ ಒಂದೇ.

ಈ ಕರಾವಳಿಯ ಊಟದ ಬಗ್ಗೆ ನಮಗೆ ಒಬ್ಬ ಪ್ರಸಿದ್ಧ ಸಾಕ್ಷಿಯಿದ್ದಾರೆ. 14ನೇ ಶತಮಾನದ ನಡುಭಾಗದಲ್ಲಿ ಮೊರಾಕೊದ ಪ್ರವಾಸಿ ಇಬ್ನ್ ಬತೂತ ಹೊನ್ನಾವರಕ್ಕೆ ಬಂದಿದ್ದರು. ಅಲ್ಲಿನ ಸುಲ್ತಾನ್ ಜಮಾಲುದ್ದೀನರ ಮನೆಯ ಊಟವನ್ನು ಅವರು ವಿವರವಾಗಿ ಬರೆದಿದ್ದಾರೆ: ತಾಮ್ರದ ತಟ್ಟೆ, ಅದರ ಮೇಲೆ ಬಡಿಸಿದ ಅನ್ನ, ತುಪ್ಪ, ಮೆಣಸು, ಶುಂಠಿ, ನಿಂಬೆ, ಮಾವಿನ ಉಪ್ಪಿನಕಾಯಿಗಳು, ಮತ್ತೆ ಅನ್ನ, ಕೋಳಿ, ಮತ್ತೆ ಅನ್ನ, ಮೀನು, ತರಕಾರಿ, ಕೊನೆಗೆ ಮೊಸರು. ಆ ತಟ್ಟೆಗೆ ಅವರು 'ತಾಲಮ್' ಎಂಬ ಇಲ್ಲಿನ ಹೆಸರನ್ನೇ ಬಳಸಿದರು. ಹನ್ನೊಂದು ತಿಂಗಳು ರೊಟ್ಟಿಯನ್ನೇ ಕಾಣದೆ ಅನ್ನದಲ್ಲೇ ಕಳೆದುದನ್ನೂ ನೆನೆದಿದ್ದಾರೆ. ಗೋಧಿಯ ನಾಡಿನಿಂದ ಬಂದ, ಅರಬಿಯಲ್ಲಿ ಬರೆಯುವ ಆ ವಿದ್ವಾಂಸರು ಅನ್ನವನ್ನು ಉಂಡರು, ತಟ್ಟೆಯನ್ನು ಊರಿನವರು ಕರೆದಂತೆ ಕರೆದರು. ಇಂದಿಗೂ ಬ್ಯಾರಿ ಮನೆಯಲ್ಲಿ 'ಚೋರು' ಎಂದರೆ ಅನ್ನವೂ ಹೌದು, ಊಟವೂ ಹೌದು. ಅಕ್ಕಿಯ ಸೀಮೆಯಲ್ಲಿ ಅನ್ನವೇ ಊಟದ ಹೆಸರಾಗುವುದು ಸಹಜ. ರಮಝಾನಿನ ಸಂಜೆ ಅಲ್ಲಿನ ಎಷ್ಟೋ ಮಸೀದಿಗಳಲ್ಲಿ ಖರ್ಜೂರದ ಜೊತೆಗೆ ಕೈಸೇರುವುದೂ ಅದೇ ಅಕ್ಕಿಯ ಗಂಜಿ.

ಘಟ್ಟ ಹತ್ತಿದರೆ ಹೆಸರು ಮತ್ತೆ ಬದಲಾಗುತ್ತದೆ. ಮಲೆನಾಡು ಮತ್ತು ಹಳೆ ಮೈಸೂರು ಸೀಮೆಯಲ್ಲಿ ಬೆಳಗಿನ ಆಹಾರಕ್ಕೆ 'ಕಾಫಿ ತಿಂಡಿ' ಎಂಬ ಜೋಡಿಪದವಿದೆ. ಇದಕ್ಕೆ ದೂರದ ತುರ್ಕಿಯಲ್ಲಿ ಒಬ್ಬ ಸೋದರನಿದ್ದಾನೆ. ತುರ್ಕಿ ಭಾಷೆಯಲ್ಲಿ ಬೆಳಗಿನ ಉಪಾಹಾರದ ಹೆಸರು 'ಕಹ್‌ವಾಲ್ತಿ', ಅಂದರೆ ಕಾಫಿಗೆ ಮುನ್ನ ಹೊಟ್ಟೆಗೆ ಹಾಕಿಕೊಳ್ಳುವ ಆಹಾರ. ಯಮನ್‌ನ ಕಾಫಿ 16ನೇ ಶತಮಾನದಲ್ಲಿ ಇಸ್ತಾಂಬುಲಿಗೆ ತಲುಪಿ ಅಲ್ಲಿ ಒಂದು ಊಟಕ್ಕೆ ಹೆಸರಾಯಿತು. ಅದೇ ಯಮನ್‌ನಿಂದ ಬಾಬಾ ಬುಡನ್ ಅವರು ಕಾಫಿ ಬೀಜಗಳನ್ನು ಚಿಕ್ಕಮಗಳೂರಿನ ಗಿರಿಗೆ ತಂದರೆಂಬುದು ನಾಡಿನ ಪರಂಪರೆಯ ಮಾತು. ಆ ಬೀಜ ಬೆಳೆದು, ಹರಡಿ, ಕೊನೆಗೆ ಇಲ್ಲಿಯೂ ಒಂದು ಊಟದ ಹೆಸರಿನೊಳಗೆ ಸೇರಿಕೊಂಡಿತು. 'ಟಿಫಿನ್' ಎಂಬುದೂ ಹೀಗೆ ಬಂದು ಸೇರಿದ್ದೇ. ಬ್ರಿಟಿಷರ ಕಾಲದ ಭಾರತದಲ್ಲಿ ಅದು ಮಧ್ಯಾಹ್ನದ ಲಘು ಊಟವಾಗಿತ್ತು. ದಕ್ಷಿಣದ ಹೋಟೆಲುಗಳಲ್ಲಿ ಅದು ಇಡ್ಲಿ, ದೋಸೆಗಳ ಹೆಸರಾಯಿತು. ಗದಾ ಬೆಳಗಿನಿಂದ ಮಧ್ಯಾಹ್ನಕ್ಕೆ ಹೋದರೆ ಟಿಫಿನ್ ಮಧ್ಯಾಹ್ನದಿಂದ ಬೆಳಗಿಗೆ ಬಂತು.

ಕನ್ನಡದ ಸ್ವಂತ ಮಾತುಗಳಾದರೋ ಬಹಳ ಸರಳ. ಉಣ್ಣುವುದು ಊಟ, ತಿನ್ನುವುದು ತಿಂಡಿ, ಕಟ್ಟಿಕೊಂಡು ಹೋಗುವುದು ಬುತ್ತಿ, ನಿನ್ನೆ ಉಳಿದದ್ದು ತಂಗಳು. ಇವುಗಳಲ್ಲಿ ತಂಗಳು ಎಂಬ ಪದವನ್ನು ನಾವು ಗೌರವದಿಂದ ನೆನೆಯಬೇಕು. ಎಷ್ಟೋ ಕೂಲಿ ಮನೆಗಳಲ್ಲಿ, ಹಿಂದೂಗಳದಾಗಲಿ ಮುಸ್ಲಿಮರದಾಗಲಿ, ಬೆಳಗಿನ ಆಹಾರಕ್ಕಿದ್ದ ಹೆಸರು ಅದೊಂದೇ. ಊಟವನ್ನು ಎಣಿಸಲು ಕನ್ನಡ ಬಳಸಿದ್ದು 'ಹೊತ್ತು' ಎಂಬ ಪದವನ್ನು. ಮೂರು ಹೊತ್ತು ಉಣ್ಣುವವರು ಅನುಕೂಲಸ್ಥರು, ಎರಡು ಹೊತ್ತಿಗೂ ಗತಿಯಿಲ್ಲದವರು ಬಡವರು, ವ್ರತಕ್ಕಾಗಿ ಒಂದೇ ಹೊತ್ತು ಉಂಡರೆ ಅದು ಒಪ್ಪತ್ತು. ಎರಡು ಹೊತ್ತಿನ ಊಟವಿದ್ದವನೇ ಸುಖಿ ಎಂದ ಅರಬನೂ ಕನ್ನಡದ ಬಡವನೂ ಒಂದೇ ಅಳತೆಗೋಲು ಹಿಡಿದಿದ್ದರು.

ನಮ್ಮ ಮನೆಗಳಲ್ಲಿ ಈ ಹೊತ್ತುಗಳನ್ನು ಗಡಿಯಾರಕ್ಕಿಂತ ಮೊದಲು ಅಝಾನ್ ಅಳೆಯಿತು. ಊಟ ಝುಹ್ರಿನ ನಂತರ, ಚಹಾ ಅಸ್ರಿನ ನಂತರ, ರಾತ್ರಿಯೂಟ ಇಶಾದ ಹಿಂದೆಯೋ ಮುಂದೆಯೋ. ಆದರೂ ಊಟವನ್ನು ಆರಾಧನೆಯ ಎದುರಾಳಿಯೆಂದು ಧರ್ಮ ಕಾಣಲಿಲ್ಲ. ರಾತ್ರಿಯ ಆಹಾರ ಬಡಿಸಿಟ್ಟಿರುವಾಗ ನಮಾಝಿಗೆ ಇಕಾಮತ್ ಆದರೆ ಮೊದಲು ಆಹಾರ ಸೇವಿಸಿರೆಂಬ ಪ್ರವಾದಿ ಸೂಚನೆ ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿದೆ. ಹಸಿದವನ ಮನಸ್ಸು ತಟ್ಟೆಯ ಕಡೆಗಿರುತ್ತದೆಂಬುದನ್ನು ಅರಿತ ಕರುಣೆ ಅದು.

ಇಷ್ಟನ್ನೂ ನೋಡಿದ ಮೇಲೆ ಅಜ್ಜಿಯ ಮಾತಿಗೆ ಮರಳೋಣ. ಅರಬಿಯ ಪದವನ್ನು ಕಲಿಯುವುದು ಒಳ್ಳೆಯದು. ಹದೀಸನ್ನು ಅರಿಯಲು ಅದು ಬೇಕು, ಬೇರೆ ದೇಶದ ಸಹೋದರನೊಡನೆ ಮಾತಾಡಲೂ ಬೇಕು. ಇದನ್ನು ನಾವು ಮನಃಪೂರ್ವಕವಾಗಿ ಒಪ್ಪುತ್ತೇವೆ. ಆದರೆ ಸಹರಿಯ ಸುನ್ನತ್ ನೆರವೇರುವುದು ಸರಿಯಾದ ಹೊತ್ತಿನಲ್ಲಿ ಎದ್ದು ಆಹಾರ ಸೇವಿಸುವುದರಿಂದ. ಅದಕ್ಕೆ ಯಾವ ಭಾಷೆಯಲ್ಲಿ ಹೆಸರಿಟ್ಟೆವೆಂಬುದರಿಂದಲ್ಲ. ಸಹರಿ ಎಂದವರ ಉಪವಾಸವೂ ಅತ್ತಾಳ ಎಂದವರ ಉಪವಾಸವೂ ಅಲ್ಲಾಹನಿಗಾಗಿಯೇ ಇತ್ತು. ಒಂದು ಪದವನ್ನು ಕಲಿಯಲು ಇನ್ನೊಂದನ್ನು ಕೊಲ್ಲಬೇಕಿಲ್ಲ. ಬ್ಯಾರಿಯಂಥ ಭಾಷೆಯಲ್ಲಿ ಪದಗಳು ಹೆಚ್ಚಾಗಿ ಉಳಿದಿರುವುದು ಪುಸ್ತಕಗಳಲ್ಲಲ್ಲ, ತಾಯಂದಿರ ಬಾಯಲ್ಲಿ. ಅಡುಗೆಮನೆಯ ಮಾತು ಅಲ್ಲಿ ನಿಂತರೆ ಮತ್ತೆಲ್ಲಿಯೂ ಸಿಗುವುದಿಲ್ಲ. ಮಾತು ನಿಂತಾಗ ಅದನ್ನಾಡುತ್ತಿದ್ದವರೂ ಮೌನವಾಗುತ್ತಾರೆ. ಅರವತ್ತು ವರ್ಷ ಮನೆಯವರನ್ನು ಎಬ್ಬಿಸಿದ ಹಿರಿಯರಿಗೆ, ತಾವು ಇಷ್ಟು ಕಾಲ ತಪ್ಪಾಗಿ ಕರೆದೆವೆಂಬ ಅಳುಕನ್ನು ನಾವು ಕೊಡಬಾರದು.

ಮುಂದಿನ ರಮಝಾನ್ ಬರುವ ಮುನ್ನ ನಮ್ಮ ಮನೆಯ ಹಿರಿಯರ ಬಳಿ ಕುಳಿತು ಒಂದು ಕೆಲಸ ಮಾಡೋಣ. ಅವರ ಬಾಲ್ಯದಲ್ಲಿ ಬೆಳಗಿನ ಆಹಾರಕ್ಕೆ ಏನೆನ್ನುತ್ತಿದ್ದರು, ಹೊಲಕ್ಕೆ, ದೋಣಿಗೆ, ಸಂತೆಗೆ ಕಟ್ಟಿಕೊಂಡು ಹೋಗುವುದಕ್ಕೆ ಏನೆನ್ನುತ್ತಿದ್ದರು, ಅಸ್ರಿನ ಚಹಾದ ಜೊತೆಗಿನ ತಿನಿಸಿಗೆ ಯಾವ ಹೆಸರಿತ್ತು, ಏನೂ ಇಲ್ಲದ ದಿನಗಳನ್ನು ಹೇಗೆ ಹೆಸರಿಸುತ್ತಿದ್ದರು ಎಂದು ಕೇಳಿ ಬರೆದಿಟ್ಟುಕೊಳ್ಳೋಣ. ಮಕ್ಕಳಿಗೆ ಸುಹೂರ್ ಎಂಬುದನ್ನೂ ಕಲಿಸೋಣ, ಅತ್ತಾಳವನ್ನೂ ಸಹರಿಯನ್ನೂ ಕಲಿಸೋಣ.

ಕನ್ನಡದಲ್ಲಿ ಕರೆಯುವುದು ಎಂಬ ಮಾತಿಗೆ ಹೆಸರಿಡುವುದೆಂಬ ಅರ್ಥವೂ ಇದೆ, ಬರಹೇಳುವುದೆಂಬ ಅರ್ಥವೂ ಇದೆ. ಊಟದ ಹೆಸರುಗಳೆಲ್ಲ ಮೂಲತಃ ಯಾರನ್ನೋ ತಟ್ಟೆಯ ಬಳಿಗೆ ಬರಹೇಳಿದ ಕರೆಗಳು. ಪ್ರವಾದಿವರ್ಯರು(ಸ) ತಮ್ಮ ಸಂಗಾತಿಯನ್ನು ಕರೆದದ್ದು ಆತನಿಗೆ ಚಿರಪರಿಚಿತವಾದ ಮಾತಿನಿಂದ. ಅಜ್ಜಿಯೂ ಮಾಡಿದ್ದು ಅದನ್ನೇ. ಆ ಮೊಮ್ಮಗ ಮುಂದಿನ ರಮಝಾನಿನ ಮೊದಲ ರಾತ್ರಿ ಅವರಲ್ಲಿಗೆ ಹೋಗಿ, ನಾಳೆ ಅತ್ತಾಳಕ್ಕೆ ನನ್ನನ್ನು ಎಬ್ಬಿಸಿ ಎಂದು ಕೇಳಿಕೊಳ್ಳಲಿ. ಅಲ್ಲಾಹನು ನಮ್ಮ ಊಟದ ಹೊತ್ತುಗಳಲ್ಲಿಯೂ, ಹಿರಿಯರ ಮಾತುಗಳಲ್ಲಿಯೂ ಬರಕತ್ ನೀಡಲಿ. ಒಂದು ಹೊತ್ತಿಗೂ ಗತಿಯಿಲ್ಲದವರನ್ನು ನಾವು ಮರೆಯದಂತೆ ಮಾಡಲಿ.